ಕೆನಡಾದ ಮೂಲನಿವಾಸಿ ಸಾಹಿತ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆನಡಾದಲ್ಲಿ ನೆಲೆಸಿರುವ ಕನ್ನಡಿಗರು, ಅಲ್ಲಿನ ಶಾಲೆಗೆ ಹೋಗುವ ಮಕ್ಕಳ ಅಪ್ಪ-ಅಮ್ಮಂದಿರು, ಊರಲ್ಲೇ ಇದ್ದು ಹೊರದೇಶಗಳ ಸಾಹಿತ್ಯ ಓದುವ ಗೆಳೆಯರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕೆಲವಕ್ಕೆ ಎರಡು ಮಾತಿನ ಉತ್ತರ ಸಾಕು. ಕೆಲವಕ್ಕೆ ಸಾಲದು.

ಮೂಲನಿವಾಸಿಗಳು ಎಂದರೆ ಯಾರು? ‘ರೆಡ್ ಇಂಡಿಯನ್’ ಎನ್ನಬಹುದೇ?

ದಯವಿಟ್ಟು ಬೇಡ. ಹಳೆಯ ಕೌಬಾಯ್ ಸಿನಿಮಾಗಳಿಂದ ನಮ್ಮ ಬಾಯಿಗೆ ಹತ್ತಿದ ಆ ಹೆಸರು ಅವರ ಕಿವಿಗೆ ಬೈಗುಳ. ಕೆನಡಾದ ಸಂವಿಧಾನ 1982ರಲ್ಲಿ ಮೂರು ಬಗೆಯ ಮೂಲನಿವಾಸಿಗಳ ಹಕ್ಕನ್ನು ಒಪ್ಪಿಕೊಂಡಿದೆ: ಫಸ್ಟ್ ನೇಷನ್ಸ್, ಉತ್ತರದ ಹಿಮಪ್ರದೇಶದ ಇನ್ಯೂಟ್, ಮತ್ತು ಮೂಲನಿವಾಸಿ ತಾಯಂದಿರು, ಯುರೋಪಿನ ತಂದೆಯರ ಸಂತತಿಯಿಂದ ಬೆಳೆದು ತಮ್ಮದೇ ಜನಾಂಗವಾಗಿ ನಿಂತ ಮೇಟಿ. 2021ರ ಜನಗಣತಿಯಲ್ಲಿ ಇವರೆಲ್ಲ ಸೇರಿ ಸುಮಾರು 18 ಲಕ್ಷ, ಅಂದರೆ ದೇಶದ ನೂರಕ್ಕೆ ಐದು ಮಂದಿ. ಭಾಷೆಗಳೇ 70ಕ್ಕೂ ಹೆಚ್ಚು. ಹಾಗಾಗಿ ‘ಮೂಲನಿವಾಸಿ ಸಂಸ್ಕೃತಿ’ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುವುದು ಸರಿಯಲ್ಲ. ಲೇಖಕರು ಕ್ರೀ ಜನರೋ, ಹೈಸ್ಲಾ ಜನರೋ, ಇನ್ಯೂಟರೋ ಎಂದು ಮೊದಲು ತಿಳಿದುಕೊಂಡು ಆಮೇಲೆ ಪುಸ್ತಕ ತೆರೆಯಿರಿ.

ಇತಿಹಾಸ ಬೇಕಿದ್ದರೆ ಇತಿಹಾಸದ ಪುಸ್ತಕವೇ ಇದೆಯಲ್ಲ, ಕಥೆ ಕಾದಂಬರಿ ಯಾಕೆ?

ಇತಿಹಾಸವನ್ನು ಯಾರು ಬರೆದಿಟ್ಟರು ಎಂಬುದನ್ನು ಮೊದಲು ನೋಡಬೇಕು. ಡಂಕನ್ ಕ್ಯಾಂಬೆಲ್ ಸ್ಕಾಟ್ ಎಂಬಾತ ಕೆನಡಾದ ಹೆಸರಾಂತ ಕವಿ, ಮೂಲನಿವಾಸಿಗಳ ಬಗ್ಗೆ ಮರುಕದ ಪದ್ಯಗಳನ್ನೂ ಬರೆದವನು. ಅದೇ ಮನುಷ್ಯ 1913ರಿಂದ 1932ರವರೆಗೆ ಇಂಡಿಯನ್ ವ್ಯವಹಾರಗಳ ಇಲಾಖೆಯ ಆಡಳಿತದ ಮುಖ್ಯಸ್ಥ. ಮೂಲನಿವಾಸಿ ಮಕ್ಕಳು ಶಾಲೆಗೆ ಹೋಗಲೇಬೇಕು ಎಂಬ 1920ರ ಕಾನೂನು ಬಂದದ್ದು ಅವನ ಕಾಲದಲ್ಲೇ. ಅವರಿಗೆಂದಿದ್ದ ವಸತಿ ಶಾಲೆಗಳಲ್ಲಿ ಮಕ್ಕಳು ಕ್ಷಯದಿಂದ ಸಾಯುತ್ತಿದ್ದಾರೆ ಎಂದು ಇಲಾಖೆಯ ವೈದ್ಯಾಧಿಕಾರಿ ಪೀಟರ್ ಬ್ರೈಸ್ 1907ರಲ್ಲೇ ವರದಿ ಕೊಟ್ಟಿದ್ದರು. ವರದಿ ಮೂಲೆಗೆ ಬಿತ್ತು. ಈ ಜನರ ಬಗ್ಗೆ ಪದ್ಯ ಬರೆದ ಕೈಯೇ ಅವರ ಮಕ್ಕಳ ಕಡತಕ್ಕೂ ಸಹಿ ಹಾಕುತ್ತಿತ್ತು. ಅವರ ಮಾತನ್ನು ಅವರ ಬಾಯಿಂದಲೇ ಕೇಳಬೇಕು ಎನ್ನುವುದು ಇದಕ್ಕೇ.

ಆ ಮಾತು ಅಚ್ಚಾದ ಮೇಲೂ ಪೂರ್ತಿಯಾಗಿ ನಮ್ಮನ್ನು ತಲುಪಲಿಲ್ಲ. ಮರಿಯಾ ಕ್ಯಾಂಬೆಲ್ ಎಂಬ ಮೇಟಿ ಲೇಖಕಿಯ ಆತ್ಮಕಥೆ ‘ಹಾಫ್‌ಬ್ರೀಡ್’ 1973ರಲ್ಲಿ ಬಂತು. ಕೆನಡಾ ಸರ್ಕಾರದ ವಿರುದ್ಧ 1885ರಲ್ಲಿ ನಡೆಸಿದ ಪ್ರತಿರೋಧದಲ್ಲಿ ಸೋತ ಮೇಟಿ ಜನ ನೆಲ ಕಳೆದುಕೊಂಡು, ರಸ್ತೆಗೆಂದು ಸರ್ಕಾರ ಬಿಟ್ಟಿದ್ದ ಪಟ್ಟಿಯ ಮೇಲೆ ಗುಡಿಸಲು ಹಾಕಿಕೊಂಡು ಬದುಕಿದರು. ಸಸ್ಕ್ಯಾಚೆವಾನ್ ಪ್ರಾಂತ್ಯದ ಅಂಥ ಒಂದು ಕೇರಿಯ ಬಾಲ್ಯ ಅದರಲ್ಲಿದೆ. ಅಲ್ಲಿ ಬರುವ ಮುತ್ತಜ್ಜಿ ಚೀಚಮ್ ಯಾರಿಗೂ ಬಗ್ಗದ ಹೆಂಗಸು, ಸರ್ಕಾರದ ಕಾಸು ಮುಟ್ಟದವಳು. ಓದಿದವರು ಆಕೆಯನ್ನು ಮರೆಯಲಾರರು. ಆದರೆ ಮರಿಯಾ ಹದಿನಾಲ್ಕರ ಹುಡುಗಿಯಾಗಿದ್ದಾಗ ಪೊಲೀಸರಿಂದ ನಡೆದ ಅತ್ಯಾಚಾರವನ್ನು ಹೇಳುವ ಪುಟಗಳನ್ನು ಪ್ರಕಾಶಕರು ಆಕೆಯ ಇಚ್ಛೆಗೆ ವಿರುದ್ಧವಾಗಿ ಕತ್ತರಿಸಿದ್ದರು. ನಲವತ್ತೈದು ವರ್ಷ ಆ ಪುಟಗಳಿಲ್ಲದ ಪುಸ್ತಕವನ್ನೇ ಜನ ಓದಿದರು, ಕಾಲೇಜುಗಳಲ್ಲಿ ಪಾಠ ಮಾಡಿದರು. 2018ರಲ್ಲಿ ಇಬ್ಬರು ಸಂಶೋಧಕಿಯರಿಗೆ ವಿಶ್ವವಿದ್ಯಾಲಯವೊಂದರ ದಾಖಲೆ ಸಂಗ್ರಹದಲ್ಲಿ ಹಸ್ತಪ್ರತಿಯ ಆ ಪುಟಗಳು ಸಿಕ್ಕವು. 2019ರಲ್ಲಿ ಅವನ್ನು ಸೇರಿಸಿ ಮರುಮುದ್ರಿಸಿದರು. ಕೊಳ್ಳುವುದಾದರೆ ಆ ಪ್ರತಿಯನ್ನೇ ಕೊಳ್ಳಿ.

ವಸತಿ ಶಾಲೆ ಎಂದರೆ ಒಳ್ಳೆಯದೇ ಅಲ್ಲವೇ? ನಮ್ಮಲ್ಲಿ ಮೊರಾರ್ಜಿ ಶಾಲೆಗೆ ಸೀಟು ಸಿಗಲಿ ಎಂದು ಹರಕೆ ಹೊರುತ್ತೇವೆ.

ಕರ್ನಾಟಕದಿಂದ ಬಂದ ಯಾರಿಗೇ ಆಗಲಿ ಮೊದಲು ಹುಟ್ಟುವ ಪ್ರಶ್ನೆ ಇದು, ಕೇಳಲು ಸಂಕೋಚ ಬೇಡ. ನಮ್ಮಲ್ಲಿ ಅಪ್ಪ-ಅಮ್ಮ ತಾವೇ ಅರ್ಜಿ ಹಾಕುತ್ತಾರೆ, ಮಗು ಹಬ್ಬಕ್ಕೆ ಮನೆಗೆ ಬರುತ್ತದೆ, ಮನೆಯ ಭಾಷೆಯನ್ನೇ ಮಾತಾಡುತ್ತದೆ. ಅಲ್ಲಿ ಮಕ್ಕಳನ್ನು ಮನೆಯಿಂದ, ಭಾಷೆಯಿಂದ, ದೇವರುಗಳಿಂದ ಬೇರ್ಪಡಿಸುವುದೇ ಶಾಲೆಯ ಉದ್ದೇಶವಾಗಿತ್ತು. ದುಡ್ಡು ಸರ್ಕಾರದ್ದು, ನಡೆಸುವುದು ಚರ್ಚುಗಳು. ಸುಮಾರು 1,50,000 ಮಕ್ಕಳು ಈ ಶಾಲೆಗಳನ್ನು ಹಾದುಹೋದರು. ಕೊನೆಯವು ಮುಚ್ಚಿದ್ದು 1990ರ ದಶಕದಲ್ಲಿ. ಅಲ್ಲಿಂದ ಮನೆಗೆ ಮರಳದ 4,000ಕ್ಕೂ ಹೆಚ್ಚು ಮಕ್ಕಳ ಸಾವು ಈಗ ದಾಖಲಾಗಿದೆ. 2021ರ ಮೇ ತಿಂಗಳಲ್ಲಿ ಕ್ಯಾಮ್ಲೂಪ್ಸ್ ಶಾಲೆಯ ಆವರಣದಲ್ಲಿ ರೇಡಾರ್ ತಪಾಸಣೆಯಿಂದ ಸುಮಾರು ಇನ್ನೂರು ಗೋರಿಗಳಿರಬಹುದಾದ ಗುರುತುಗಳು ಕಂಡಾಗ ಹೊರಜಗತ್ತು ಬೆಚ್ಚಿತು. ಮೂಲನಿವಾಸಿ ಮನೆಗಳಲ್ಲಿ ಅದು ಹೊಸ ಸುದ್ದಿಯಾಗಿರಲಿಲ್ಲ.

ಅಂಕಿಗಳು ಹೇಳಲಾರದ್ದನ್ನು ಕಾದಂಬರಿ ಹೇಳುತ್ತದೆ. ರಿಚರ್ಡ್ ವಾಗಮೀಸ್ ಅವರ ‘ಇಂಡಿಯನ್ ಹಾರ್ಸ್’ (2012) ತೆಗೆದುಕೊಳ್ಳಿ. ವಸತಿ ಶಾಲೆಗೆ ಬಿದ್ದ ಸಾಲ್ ಎಂಬ ಹುಡುಗನಿಗೆ ಐಸ್ ಹಾಕಿಯ ಹುಚ್ಚು. ಆಡಲು ಇನ್ನೂ ವಯಸ್ಸು ಸಾಲದು, ಮೈದಾನದ ಹಿಮ ಗುಡಿಸುವ ಕೆಲಸ ಮಾತ್ರ ಸಿಕ್ಕಿದೆ. ಎಲ್ಲರೂ ಮಲಗಿರುವಾಗ ಎದ್ದು, ಹೆಪ್ಪುಗಟ್ಟಿ ಕಲ್ಲಾದ ಕುದುರೆ ಲದ್ದಿಯ ಉಂಡೆಗಳನ್ನು ಹಿಮದಡಿ ಬಚ್ಚಿಟ್ಟುಕೊಂಡು, ಅವನ್ನೇ ಚೆಂಡಿನಂತೆ ಕೋಲಿನಿಂದ ತಳ್ಳುತ್ತ ಕತ್ತಲಲ್ಲಿ ಒಬ್ಬನೇ ಅಭ್ಯಾಸ ಮಾಡುತ್ತಾನೆ. ಆಟದ ಸಂತೋಷದ ಒಳಗೇ ಲೇಖಕರು ಏನನ್ನು ಅಡಗಿಸಿಟ್ಟಿದ್ದಾರೆ ಎಂಬುದು ಕಾದಂಬರಿ ಮುಗಿಯುವ ಹೊತ್ತಿಗೆ ಗೊತ್ತಾಗುತ್ತದೆ. ಆಗ ಹಿಂದಿನ ಪುಟಗಳನ್ನೆಲ್ಲ ಮತ್ತೆ ತಿರುವಿ ಹಾಕಬೇಕಾಗುತ್ತದೆ. ವಾಗಮೀಸ್ ಸ್ವತಃ ಆ ಶಾಲೆಗೆ ಹೋದವರಲ್ಲ, ಅವರ ತಂದೆ-ತಾಯಿ ಹೋದವರು. ಆ ತಲೆಮಾರಿನ ಗಾಯ ಮಗನ ಬಾಲ್ಯವನ್ನು ಕಸಿಯಿತು. ಎಳವೆಯಲ್ಲೇ ಅವರು ಬೇರೆಯವರ ಮನೆಗಳಲ್ಲಿ ಬೆಳೆದರು.

ಎಲ್ಲ ಬರೀ ನೋವಿನ ಕಥೆಗಳೇ? ಓದಿದರೆ ಮನಸ್ಸು ಭಾರವಾಗುತ್ತದೆ ಎನ್ನುತ್ತಾರೆ.

ಈ ಮಾತು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ನೋವನ್ನಷ್ಟೇ ಹುಡುಕಿ ಓದುವುದೂ ಈ ಜನರಿಗೆ ಮಾಡುವ ಒಂದು ಅನ್ಯಾಯ. ಬೇಸಿಲ್ ಜಾನ್‌ಸ್ಟನ್ ತಾವು ಓದಿದ ವಸತಿ ಶಾಲೆಯ ಬಗ್ಗೆ 1988ರಲ್ಲಿ ಬರೆದ ನೆನಪುಗಳಲ್ಲಿ ಹುಡುಗರ ತುಂಟತನ, ಹಸಿದ ಹೊಟ್ಟೆಯ ಉಪಾಯಗಳು, ಒಬ್ಬರಿಗೊಬ್ಬರು ಇಟ್ಟುಕೊಂಡ ಅಡ್ಡಹೆಸರುಗಳು ಪುಟಪುಟದಲ್ಲೂ ಇವೆ. ಟಾಮ್‌ಸನ್ ಹೈವೇ ಅವರ ನಾಟಕ ‘ದಿ ರೆಜ್ ಸಿಸ್ಟರ್ಸ್’ (1986) ನೋಡಿ: ಮ್ಯಾನಿಟೂಲಿನ್ ದ್ವೀಪದ ಏಳು ಹೆಂಗಸರು ಜಗತ್ತಿನ ಅತಿ ದೊಡ್ಡ ಬಿಂಗೋ ಆಟಕ್ಕೆಂದು ಕಾಸು ಕೂಡಿಸಿಕೊಂಡು ಟೊರಾಂಟೊಗೆ ಹೊರಡುತ್ತಾರೆ. ದಾರಿಯುದ್ದಕ್ಕೂ ಜಗಳ, ಬೈಗುಳ, ನಗು. ನಡುನಡುವೆ ವೇಷ ಬದಲಿಸುತ್ತ ನಾನಬುಷ್ ಸುಳಿಯುತ್ತಾನೆ. ಅವನು ಅನಿಶಿನಾಬೆ ಎಂಬ ಮೂಲನಿವಾಸಿ ಜನರ ಕಥೆಗಳ ಮಾಯಾವಿ, ಎಡವುತ್ತ ಎಡವಿಸುತ್ತ ಕಲಿಸುವವನು.

ಈಡನ್ ರಾಬಿನ್‌ಸನ್ ಅವರ ‘ಮಂಕಿ ಬೀಚ್’ (2000) ಕಾದಂಬರಿಯಲ್ಲಿ ಊಲಿಕನ್ ಎಂಬ ಪುಟ್ಟ ಮೀನಿನಿಂದ ಎಣ್ಣೆ ತೆಗೆಯುವ ಬಗೆ ಬರುತ್ತದೆ. ಮೀನನ್ನು ಹಣ್ಣಾಗಲು ಬಿಟ್ಟು, ನೀರಲ್ಲಿ ಹದವಾಗಿ ಕಾಯಿಸಿ, ಮೇಲೆ ತೇಲಿದ ಕೊಬ್ಬನ್ನು ತೆಗೆಯುವ ಆ ಕೆಲಸವನ್ನು ಓದುತ್ತಿದ್ದರೆ ಒಂದು ಜನ, ಒಂದು ನದಿ, ಒಂದು ಋತು ಹೇಗೆ ಹೆಣೆದುಕೊಂಡಿವೆ ಎಂಬುದು ಯಾವ ವಿವರಣೆಯೂ ಇಲ್ಲದೆ ತಿಳಿಯುತ್ತದೆ. ನದಿ ಕೆಟ್ಟು ಮೀನು ಬಾರದಿದ್ದರೆ ಅಡುಗೆಯೊಂದಿಗೆ ಆ ಕೆಲಸದ ಸುತ್ತ ಹೇಳುವ ಕಥೆಗಳೂ, ಅಜ್ಜಿಯಿಂದ ಮೊಮ್ಮಗಳು ಕಲಿಯುವ ಹೊತ್ತೂ ಹೋಗುತ್ತವೆ.

ನನಗೆ ಅತ್ಯಂತ ಪ್ರಿಯವಾದ ಪುಸ್ತಕ ಮಾತ್ರ ‘ಸನಾಕ್’. ಕ್ವಿಬೆಕ್ ಪ್ರಾಂತ್ಯದ ಉತ್ತರ ತುದಿಯ ಇನ್ಯೂಟ್ ಹೆಂಗಸು ಮಿಟಿಯಾರ್ಜುಕ್ ನಪ್ಪಾಲುಕ್ ಅವರನ್ನು 1950ರ ದಶಕದಲ್ಲಿ ಪಾದ್ರಿಗಳು ಒಂದು ಸಹಾಯ ಕೇಳಿದರು: ನಾವು ನಿಮ್ಮ ಭಾಷೆ ಕಲಿಯಬೇಕು, ದಿನಬಳಕೆಯ ಒಂದಿಷ್ಟು ವಾಕ್ಯ ಬರೆದುಕೊಡಿ. ಆಕೆ ಅಷ್ಟಕ್ಕೇ ನಿಲ್ಲಲಿಲ್ಲ. ಪಾತ್ರಗಳನ್ನು ಹುಟ್ಟಿಸಿದರು, ಅವಕ್ಕೆ ಮನೆ ಕಟ್ಟಿದರು, ಜಗಳ ಹಚ್ಚಿದರು. ಸೀಲ್ ಬೇಟೆ, ಹಿಮದ ಮನೆ ಕಟ್ಟುವುದು, ಮಕ್ಕಳ ಹಟ, ಮೊದಲ ಬಾರಿಗೆ ಬಿಳಿಯರನ್ನು ಕಂಡದ್ದು ಎಲ್ಲ ಸೇರಿ ಕಾದಂಬರಿಯಾಯಿತು. ಇನುಕ್ಟಿಟುಟ್ ಭಾಷೆಯಲ್ಲಿ ಅದು ಅಚ್ಚಾದದ್ದು 1984ರಲ್ಲಿ, ಇಂಗ್ಲಿಷಿಗೆ ಬಂದದ್ದು 2014ರಲ್ಲಿ. ಕಾದಂಬರಿ ಎಂಬುದನ್ನೇ ಓದಿರದ ಒಬ್ಬ ಹೆಂಗಸು ತಾನಾಗಿ ಕಾದಂಬರಿಯನ್ನು ಕಂಡುಕೊಂಡಳು. ಇದಕ್ಕಿಂತ ದೊಡ್ಡ ಸಾಹಿತ್ಯದ ಸುದ್ದಿ ನನಗೆ ಗೊತ್ತಿಲ್ಲ.

ಬಾಯಿಮಾತಿನ ಕಥೆಗಳನ್ನು ಇತಿಹಾಸ ಎಂದು ಒಪ್ಪಬಹುದೇ?

ಕೆನಡಾದ ಸುಪ್ರೀಂ ಕೋರ್ಟ್ ಒಪ್ಪಿದೆ. ಅದರ ಹಿಂದಿನ ಕಥೆ ದೊಡ್ಡದು.

ಬ್ರಿಟಿಷ್ ಕೊಲಂಬಿಯಾದ ಗಿಟ್‌ಕ್ಸಾನ್ ಮತ್ತು ವೆಟ್‌ಸುವೆಟೆನ್ ಜನ ತಮ್ಮ ನೆಲ ತಮ್ಮದೆಂದು ದಾವೆ ಹೂಡಿದರು. ಕಾಗದಪತ್ರ ಎಲ್ಲಿದೆ ಎಂದು ಕೋರ್ಟು ಕೇಳುತ್ತದಲ್ಲ? ಅವರಲ್ಲಿ ಒಂದೊಂದು ಮನೆತನಕ್ಕೂ ಅದರದ್ದೇ ಕಥೆ, ಅದರದ್ದೇ ಹಾಡು, ಅದರದ್ದೇ ಲಾಂಛನ ಇವೆ. ಯಾವ ಹೊಳೆಯಿಂದ ಯಾವ ಗುಡ್ಡದವರೆಗೆ ಯಾರ ನೆಲ, ಅದು ಅವರಿಗೆ ಹೇಗೆ ಬಂತು ಎಂಬುದೆಲ್ಲ ಅದರಲ್ಲೇ ಅಡಗಿದೆ. ಮನೆತನದ ಹಿರಿಯರು ಕಟಕಟೆಗೆ ಬಂದು ಆ ಕಥೆಗಳನ್ನು ಸಾಕ್ಷಿಯಾಗಿ ಹೇಳಿದರು. ಮೇರಿ ಜಾನ್‌ಸನ್ ಎಂಬ ಹಿರಿಯ ಮುಖ್ಯಸ್ಥೆ ಅದರ ಭಾಗವಾದ ಹಾಡನ್ನು ಹಾಡಬೇಕು ಎಂದಾಗ ನ್ಯಾಯಾಧೀಶರು ತಡೆಯಲು ನೋಡಿದರು. ತಮಗೆ ಸಂಗೀತದ ಕಿವಿಯಿಲ್ಲ, ಹಾಡಿ ಪ್ರಯೋಜನವಿಲ್ಲ ಎಂಬರ್ಥದ ಮಾತಾಡಿದರು. ಆಕೆ ಹಾಡಿದರು. 1991ರ ತೀರ್ಪಿನಲ್ಲಿ ಆ ನ್ಯಾಯಾಧೀಶರು ಈ ಸಾಕ್ಷ್ಯಕ್ಕೆ ಬೆಲೆ ಕೊಡಲಿಲ್ಲ. ಆದರೆ 1997ರ ಡಿಸೆಂಬರಿನಲ್ಲಿ, ಡೆಲ್ಗಮೂಕ್ ಪ್ರಕರಣ ಎಂದು ಹೆಸರಾದ ಅದೇ ದಾವೆಯಲ್ಲಿ, ಬಾಯಿಮಾತಿನ ಚರಿತ್ರೆಯನ್ನು ಲಿಖಿತ ದಾಖಲೆಯ ಸಾಲಿನಲ್ಲೇ ಇಟ್ಟು ತೂಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ನೆಲದ ಪ್ರಶ್ನೆ ಅಲ್ಲಿಗೆ ಬಗೆಹರಿಯಲಿಲ್ಲ, ಹೊಸ ವಿಚಾರಣೆ ಬೇಕೆಂದಿತು. ಆದರೂ ಆ ಹಾಡು ಕಾನೂನಿನೊಳಗೆ ಬಂದಿತ್ತು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಬಲ್ಲ ಕನ್ನಡಿಗರಿಗೆ ಇದು ಬೇಗ ಅರ್ಥವಾಗುತ್ತದೆ. ಅವರೂ ತಮ್ಮ ದೇವರ ತಾಣಗಳ ನಕ್ಷೆ ಮಾಡಿ, ಕಾಡಿನ ಮೇಲಿನ ಸಮುದಾಯದ ಹಕ್ಕನ್ನು 2011ರಲ್ಲಿ ಪಡೆದರು. ಎರಡೂ ದೇಶಗಳ ಕಾನೂನು, ಚರಿತ್ರೆ ಬೇರೆ ಬೇರೆ. ಅವನ್ನು ಒಂದೇ ಎಂದುಕೊಳ್ಳುವ ಅವಸರ ಬೇಡ.

ಆ ಕಥೆಗಳನ್ನು ನಾವು ಕನ್ನಡಕ್ಕೆ ತಂದು ಹೇಳಬಹುದೇ?

ಲೇಖಕರು ಅಚ್ಚು ಹಾಕಿಸಿದ ಕಾದಂಬರಿ, ಕವಿತೆಗಳನ್ನು ಅನುಮತಿ ಪಡೆದು ಅನುವಾದಿಸಬಹುದು, ಅನುವಾದಿಸಬೇಕು ಕೂಡ. ಸಮುದಾಯದ ಪರಂಪರೆಯ ಕಥೆಗಳ ವಿಷಯ ಬೇರೆ. ಕೆಲವು ಕಥೆ ಒಂದು ಮನೆತನದ ಆಸ್ತಿ. ಅನಿಶಿನಾಬೆ ಜನರಲ್ಲಿ ಕೆಲವು ಕಥೆಗಳನ್ನು ಚಳಿಗಾಲದಲ್ಲಿ, ನೆಲದ ಮೇಲೆ ಹಿಮ ಇರುವಾಗ ಮಾತ್ರ ಹೇಳುವ ರೂಢಿ. ನೂರು ವರ್ಷ ಹಿಂದೆ ಯಾರೋ ಮಾನವಶಾಸ್ತ್ರಜ್ಞರು ಬರೆದುಕೊಂಡು ಹೋದ ಕಥೆ ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಕ್ಕಿತೆಂದು ಎತ್ತಿಕೊಳ್ಳಬೇಡಿ. ಕೇಳಿ. ಬೇಡ ಎಂದರೆ ಬಿಡಿ.

ಲೇಖಕರು ನಿಜವಾಗಿ ಮೂಲನಿವಾಸಿಗಳೇ ಎಂದು ಅನುಮಾನಿಸುವ ವಿವಾದಗಳಿವೆಯಲ್ಲ?

ಇವೆ. ದೊಡ್ಡ ಹೆಸರುಗಳೂ ಅದರಲ್ಲಿ ಸಿಕ್ಕಿಕೊಂಡಿವೆ. ಪ್ರಶಸ್ತಿ, ಹುದ್ದೆ, ಪ್ರಕಾಶನದ ಅವಕಾಶ ನಿಜವಾದವರ ಕೈತಪ್ಪಿ ಹೋಗುವುದರಿಂದ ಅವರ ಸಿಟ್ಟು ನ್ಯಾಯವಾದದ್ದು. ಯಾರು ತಮ್ಮವರು ಎಂದು ತೀರ್ಮಾನಿಸುವುದು ಆಯಾ ಸಮುದಾಯ, ನಾವಲ್ಲ. ಓದುಗರಾಗಿ ನಾವು ಮಾಡಬಹುದಾದದ್ದು, ಒಬ್ಬರನ್ನೇ ಇಡೀ ಜನರ ದನಿಯೆಂದು ಮೆರೆಸದೆ ಹಲವರನ್ನು ಓದುವುದು.

ಸಾಮರಸ್ಯ ಎಂದರೆ ಕ್ಷಮೆ ಕೇಳಿ ಕೈ ಕುಲುಕುವುದೇ?

ವಸತಿ ಶಾಲೆಗಳಿಗಾಗಿ ಕ್ಷಮೆಯನ್ನಂತೂ ಕೇಳಿಯಾಗಿದೆ. 2008ರ ಜೂನ್ 11ರಂದು ಪ್ರಧಾನಿ ಸ್ಟೀಫನ್ ಹಾರ್ಪರ್ ಸಂಸತ್ತಿನಲ್ಲಿ ಕೇಳಿದರು. 2022ರಲ್ಲಿ ಪೋಪ್ ಫ್ರಾನ್ಸಿಸ್ ಕೆನಡಾಕ್ಕೆ ಬಂದು ಕೇಳಿದರು. ಆ ಶಾಲೆಗಳಲ್ಲಿ ನಡೆದದ್ದನ್ನು ತಿಳಿಯಲೆಂದು ನೇಮಿಸಿದ್ದ ಸತ್ಯ ಮತ್ತು ಸಾಮರಸ್ಯ ಆಯೋಗ ಮರ್ರಿ ಸಿಂಕ್ಲೇರ್ ಅವರ ಅಧ್ಯಕ್ಷತೆಯಲ್ಲಿ 6,500ಕ್ಕೂ ಹೆಚ್ಚು ಜನರ ಮಾತು ಕೇಳಿ 2015ರಲ್ಲಿ, ಏನೇನು ಮಾಡಬೇಕೆಂಬ 94 ಕರೆಗಳನ್ನು ದೇಶದ ಮುಂದಿಟ್ಟಿತು. ಆಯೋಗದ ಹೆಸರಿನಲ್ಲಿ ಸತ್ಯ ಮೊದಲು ಬರುತ್ತದೆ. ಈ ಸಾಹಿತ್ಯ ಕಲಿಸುವುದೂ ಅದೇ ಕ್ರಮವನ್ನು. ಏನು ನಡೆಯಿತೆಂದು ಪೂರ್ತಿ ಕೇಳಿಸಿಕೊಳ್ಳದವರು ‘ಆದದ್ದಾಯಿತು, ಮುಂದೆ ನೋಡೋಣ’ ಎಂದರೆ ಅದು ತಪ್ಪಿಸಿಕೊಳ್ಳುವ ದಾರಿ ಅಷ್ಟೇ.

ಮಿಕ್‌ಮಾ ಕವಯಿತ್ರಿ ರೀಟಾ ಜೋ ಹನ್ನೆರಡನೇ ವಯಸ್ಸಿಗೆ ವಸತಿ ಶಾಲೆ ಸೇರಿದವರು. ಅಲ್ಲಿ ತನ್ನ ಮಾತು ಹೋಯಿತು ಎಂದು ಆಕೆ ಬರೆದ ಪುಟ್ಟ ಕವಿತೆ ಕೆನಡಾದಲ್ಲಿ ಮನೆಮಾತು. ಬಹಳ ಮೆತ್ತಗಿನ ಕವಿತೆ ಅದು, ಕೊನೆಗೆ ಕೈ ಚಾಚುತ್ತದೆ. ಆದರೆ ಗಮನಿಸಿ: ನನ್ನ ಮಾತು ನನಗೆ ಮರಳಿ ಸಿಗಲು ಬಿಡಿ, ಆಮೇಲೆ ನಾನು ಯಾರೆಂದು ನಿಮಗೆ ಕಲಿಸುತ್ತೇನೆ ಎಂಬುದು ಅದರ ಷರತ್ತು. ಭಾಷೆ ಮೊದಲು ಮರಳಬೇಕು, ಸ್ನೇಹ ಆಮೇಲೆ. ಎಲ್ಲರೂ ಅಷ್ಟು ಮೆತ್ತಗೆ ಮಾತಾಡುವುದಿಲ್ಲ. ಲೀ ಮೆರಾಕಲ್ ಬರಹಗಳ ಕೆಂಡದಂಥ ಸಿಟ್ಟನ್ನೂ ಓದಬೇಕು. ಮಿಶೆಲ್ ಗುಡ್ ಅವರ ‘ಫೈವ್ ಲಿಟ್ಲ್ ಇಂಡಿಯನ್ಸ್’ (2020) ಶಾಲೆ ಬಿಟ್ಟ ಐವರು ವ್ಯಾಂಕೂವರಿನ ಬೀದಿಗಳಲ್ಲಿ ಬದುಕು ಕಟ್ಟಿಕೊಳ್ಳಲು ಪಡುವ ಪಾಡನ್ನು ಹೇಳುತ್ತದೆ. ಶಾಲೆ ಮುಗಿಯಿತು, ಅದು ಮಾಡಿದ ಗಾಯ ಮುಗಿಯಲಿಲ್ಲ. ಇದು ಹಳೆಯ ಮಾತು ಎನ್ನುವವರಿಗೆ 2021ರ ಜನಗಣತಿಯ ಒಂದು ಲೆಕ್ಕ: ದೇಶದ 14 ವರ್ಷದವರೆಗಿನ ಮಕ್ಕಳಲ್ಲಿ ಮೂಲನಿವಾಸಿಗಳು ಶೇ. 7.7, ಆದರೆ ಹೆತ್ತವರಿಂದ ದೂರ, ಸರ್ಕಾರ ಗೊತ್ತುಮಾಡಿದ ಸಾಕುಮನೆಗಳಲ್ಲಿ ಬೆಳೆಯುವ ಅದೇ ವಯಸ್ಸಿನ ಮಕ್ಕಳಲ್ಲಿ ಶೇ. 53.8. ಮಕ್ಕಳು ಮನೆಯಿಂದ ಹೋಗುವುದು ಇನ್ನೂ ನಿಂತಿಲ್ಲ.

ನಾವು ಮೊನ್ನೆ ಮೊನ್ನೆ ಇಂಡಿಯಾದಿಂದ ಬಂದವರು. ನಾವೂ ಬ್ರಿಟಿಷರ ಕೈಯಲ್ಲಿ ನರಳಿದವರೇ. ಇದರಲ್ಲಿ ನಮ್ಮ ಪಾಲೇನು?

ನನ್ನ ಪಾಲಿಗೆ ಈ ಪುಟದ ಮುಖ್ಯ ಪ್ರಶ್ನೆ ಇದು. ತಪ್ಪು ನಮ್ಮದಲ್ಲ, ಒಪ್ಪುತ್ತೇನೆ. ಆದರೆ ನಾವು ಮನೆ ಕೊಂಡ ನೆಲ ಯಾವುದೋ ಒಪ್ಪಂದದ ಮೂಲಕ, ಅಥವಾ ಒಪ್ಪಂದವೇ ಇಲ್ಲದೆ, ಕೈಬದಲಾದ ನೆಲ. ಮಿಸಿಸಾಗದಲ್ಲಿ ಸಾಕಷ್ಟು ಕನ್ನಡ ಕುಟುಂಬಗಳಿವೆ. ಆ ಊರಿನ ಹೆಸರು ಅಲ್ಲಿನ ಮೂಲನಿವಾಸಿಗಳದ್ದು. ಪಕ್ಕದ ಟೊರಾಂಟೊ ನೆಲವನ್ನು ಬ್ರಿಟಿಷರು ಅದೇ ಜನರಿಂದ 1787ರಲ್ಲಿ ‘ಕೊಂಡರು’. ಆಮೇಲೆ ನೋಡಿದರೆ ಪತ್ರದಲ್ಲಿ ನೆಲದ ವಿವರವೇ ಇಲ್ಲ, ಖಾಲಿ. 1805ರಲ್ಲಿ ಹತ್ತು ಶಿಲಿಂಗ್ ಕೊಟ್ಟು ಮತ್ತೆ ಪತ್ರ ಮಾಡಿಸಿಕೊಂಡರು. ಅದರ ಲೆಕ್ಕ ತೀರಿದ್ದು 2010ರಲ್ಲಿ, ಕೆನಡಾ ಸರ್ಕಾರ 14.5 ಕೋಟಿ ಡಾಲರ್ ಪರಿಹಾರ ಕೊಟ್ಟಾಗ.

ಪೌರತ್ವದ ಪ್ರಮಾಣವಚನವನ್ನೂ ಒಮ್ಮೆ ಗಮನವಿಟ್ಟು ಓದಿ. ಆಯೋಗದ ಕೊನೆಯ, ಅಂದರೆ 94ನೇ ಕರೆಯ ಮೇರೆಗೆ 2021ರಲ್ಲಿ ಅದನ್ನು ತಿದ್ದಿದರು. ಫಸ್ಟ್ ನೇಷನ್ಸ್, ಇನ್ಯೂಟ್, ಮೇಟಿ ಜನರ ಹಕ್ಕುಗಳನ್ನೂ ಅವರೊಂದಿಗಿನ ಒಪ್ಪಂದಗಳ ಹಕ್ಕುಗಳನ್ನೂ ಒಪ್ಪಿರುವ ಸಂವಿಧಾನಕ್ಕೆ ಬದ್ಧ ಎಂದು ಹೊಸ ಪ್ರಜೆ ಕೈಯೆತ್ತಿ ಹೇಳುತ್ತಾನೆ. ಅಲ್ಲಿಗೆ ನಾವು ಒಪ್ಪಂದದ ಒಂದು ಕಡೆಯವರಾದೆವು. ಬ್ರಿಟಿಷರ ಕೈಯಲ್ಲಿ ನರಳಿದ ನೆನಪಿರುವವರಿಗೆ ಆ ಮಾತಿನ ತೂಕ ಬೇಗ ಗೊತ್ತಾಗಬೇಕು.

ಮಗನಿಗೆ ಹನ್ನೊಂದನೇ ತರಗತಿಯಲ್ಲಿ ಶೇಕ್ಸ್‌ಪಿಯರ್ ಬದಲು ಇವನ್ನು ಓದಿಸುತ್ತಿದ್ದಾರೆ. ಮುಂದೆ ತೊಂದರೆಯಾಗುವುದಿಲ್ಲವೇ?

ಆಗುವುದಿಲ್ಲ. ಒಂಟಾರಿಯೊದ ಹಲವು ಶಾಲಾ ಮಂಡಳಿಗಳಲ್ಲಿ ಹನ್ನೊಂದನೇ ತರಗತಿಯ ಇಂಗ್ಲಿಷ್ ಈಗ ಮೂಲನಿವಾಸಿ ಬರಹಗಳ ಮೇಲೆ ನಿಂತಿದೆ, ವಿಶ್ವವಿದ್ಯಾಲಯದ ಪ್ರವೇಶಕ್ಕೆ ಅದು ನಡೆಯುತ್ತದೆ. ಬ್ರಿಟಿಷ್ ಕೊಲಂಬಿಯಾದಲ್ಲಂತೂ 2023–24ರಿಂದ ಇಂಥ ಒಂದು ವಿಷಯ ಓದದೆ ಶಾಲೆ ಮುಗಿಸುವ ಹಾಗೇ ಇಲ್ಲ. ಅವನ ಪುಸ್ತಕವನ್ನು ನೀವೂ ಓದಿ.

ಎಲ್ಲಿಂದ ಶುರು ಮಾಡಲಿ?

ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಡೇವಿಡ್ ರಾಬರ್ಟ್‌ಸನ್ ಬರೆದು ಜೂಲಿ ಫ್ಲೆಟ್ ಚಿತ್ರ ಬರೆದ ‘ವೆನ್ ವಿ ವರ್ ಅಲೋನ್’ (2016). ಅಜ್ಜಿ, ಇಷ್ಟೊಂದು ಬಣ್ಣದ ಬಟ್ಟೆ ಯಾಕೆ ಹಾಕ್ತೀಯ ಎಂದು ಮೊಮ್ಮಗಳು ಕೇಳುತ್ತಾಳೆ. ಶಾಲೆಯಲ್ಲಿ ಎಲ್ಲರಿಗೂ ಒಂದೇ ಬಣ್ಣದ ಬಟ್ಟೆ ತೊಡಿಸುತ್ತಿದ್ದರು, ಯಾರೂ ನೋಡದಿರುವಾಗ ನಾವು ಉದುರಿದ ಬಣ್ಣದ ಎಲೆಗಳನ್ನು ಮೈಮೇಲೆ ಹಾಕಿಕೊಳ್ಳುತ್ತಿದ್ದೆವು ಎನ್ನುತ್ತಾಳೆ ಅಜ್ಜಿ. ಕೂದಲು ಯಾಕೆ ಉದ್ದ, ಕ್ರೀ ಭಾಷೆ ಯಾಕೆ ಮಾತಾಡ್ತೀಯ ಎಂದು ಪ್ರಶ್ನೆಗಳು ಮುಂದುವರಿಯುತ್ತವೆ. ಐದಾರು ವರ್ಷದ ಮಗುವಿಗೂ ಹೆದರಿಕೆಯಾಗದಂತೆ ಸತ್ಯ ಹೇಳುವ ಪುಸ್ತಕ. ದೊಡ್ಡವರು ‘ಇಂಡಿಯನ್ ಹಾರ್ಸ್’ ಹಿಡಿಯಿರಿ, ಎರಡು ರಾತ್ರಿಯಲ್ಲಿ ಮುಗಿಯುತ್ತದೆ. ಆಮೇಲೆ ‘ಹಾಫ್‌ಬ್ರೀಡ್’, ಆಮೇಲೆ ‘ಸನಾಕ್’. ‘ಮಂಕಿ ಬೀಚ್’ ಕಾಲ ಹಿಂದುಮುಂದಾಗಿ ಓಡುವ ಕಾದಂಬರಿ, ಅದಕ್ಕೆ ಸ್ವಲ್ಪ ತಾಳ್ಮೆ ಬೇಕು.

ಕೆನಡಾದಲ್ಲಿರುವವರಿಗೆ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲೇ ಇವು ಸಿಗುತ್ತವೆ, ಬೆಂಗಳೂರು, ಮೈಸೂರಿನಲ್ಲಿರುವವರಿಗೆ ಇ-ಪುಸ್ತಕವೇ ಸುಲಭ. ಕೊಳ್ಳುವ ಶಕ್ತಿಯಿದ್ದರೆ ಬ್ರಿಟಿಷ್ ಕೊಲಂಬಿಯಾದ ಪೆಂಟಿಕ್ಟನ್‌ನಲ್ಲಿರುವ ಥೈಟಸ್ ಬುಕ್ಸ್‌ನ ಪಟ್ಟಿಯನ್ನೂ ನೋಡಿ. 1980ರಲ್ಲಿ ಶುರುವಾದ ಅದು ಮೂಲನಿವಾಸಿಗಳೇ ನಡೆಸುವ ಪ್ರಕಾಶನ. ಅಲ್ಲಿ ಯಾವ ಪುಟ ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವವರೂ ಅವರೇ.